ಇಇಜಿ ನಾರ್ಮಲ್ ಬಂದ್ರೆ ಕಣ್ಣೆದುರು ಕಂಡದ್ದು ಸುಳ್ಳಾ?

ಪ್ರಶ್ನೆ: ಸರ್, ನಾನು ಟೀಚರ್, 31 ವರ್ಷ, ದಿನಾ ಕಾಪುವಿನಿಂದ ಉಡುಪಿಗೆ ಬಸ್ಸಲ್ಲಿ ಹೋಗುವವಳು. ಹೋದ ತಿಂಗಳು ಬಸ್ಸಲ್ಲಿ ಮೊಬೈಲ್ ನೋಡ್ತಿರುವಾಗ ನಡುವಿನ ಅಕ್ಷರವೇ ಕಾಣದ ಹಾಗಾಯ್ತು, ಆಮೇಲೆ ಗರಗಸದ ಹಲ್ಲಿನ ಹಾಗೆ ಮಿಣಮಿಣ ಗೆರೆ ಶುರುವಾಗಿ ಬದಿಗೆ ದೊಡ್ಡದಾಗ್ತಾ ಹೋಯ್ತು, ಉಡುಪಿಯಲ್ಲಿ ಇಳಿಯುವಾಗ ಗೆರೆ ಇಲ್ಲ, ಅರ್ಧ ತಲೆ ಸಿಡಿತ ಶುರು. ಡಾಕ್ಟ್ರು ಮೈಗ್ರೇನ್ ಔರಾ (ತಲೆನೋವಿಗೆ ಮೊದಲು ಹೀಗೆ ಕಣ್ಣಿಗೆ ಕಾಣುವಂಥದ್ದು) ಅಂದ್ರು, ಫಿಟ್ಸ್ ಅಲ್ಲ ಅಂತ ನೋಡ್ಲಿಕ್ಕೆ ವಾರ ಬಿಟ್ಟು ಇಇಜಿ (ತಲೆಗೆ ವೈರ್ ಅಂಟಿಸಿ ಮೆದುಳಿನ ಕರೆಂಟ್ ನೋಡುವ ಪರೀಕ್ಷೆ) ತೆಗೆಸಿದ್ರು, ನಾರ್ಮಲ್. ಈಗ ಮನೆಯಲ್ಲಿ "ಮೆಷಿನಲ್ಲೇ ಎಂತ ಇಲ್ಲ, ನಿಂಗೆ ಟೆನ್ಶನ್" ಅಂತಾರೆ. ಮೆದುಳಿನ ಕರೆಂಟ್ ಏರುಪೇರಾದ್ರೆ ಮೆಷಿನ್‌ಗೆ ಸಿಗ್ಬೇಕಲ್ವಾ?
— ಓದುಗರು, ಕಾಪು

ಉತ್ತರ: ನೀವು ಕಂಡದ್ದು ಸುಳ್ಳಲ್ಲ ಟೀಚರೇ, ಇದನ್ನು ಮನೆಯವರಿಗೂ ಓದಿ ಹೇಳಿ. ಮೊದಲನೇದಾಗಿ ಗೆರೆ ಬಂದದ್ದು ಒಂದು ದಿನ, ಇಇಜಿ ತೆಗೆದದ್ದು ಇನ್ನೊಂದು ದಿನ. ಆದ್ರೆ ಗೆರೆ ಕಾಣುವಾಗಲೇ ತೆಗೆದಿದ್ರೂ ಹೆಚ್ಚಾಗಿ ಸಿಗ್ತಿರಲಿಲ್ಲ, ಅದಕ್ಕೆ ಕಾರಣ ಉಂಟು.

1941ರಲ್ಲಿ ಕಾರ್ಲ್ ಲ್ಯಾಶ್ಲಿ ಅನ್ನುವ ಅಮೆರಿಕದ ವಿಜ್ಞಾನಿ ತನಗೇ ಬರ್ತಿದ್ದ ಔರಾವನ್ನು ಹೊತ್ತು ನೋಡಿ ನೋಡಿ ಕಾಗದದಲ್ಲಿ ಬಿಡಿಸಿ, ಮೆದುಳಿನ ಹಿಂಬದಿಯ ದೃಷ್ಟಿಯ ಭಾಗದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿ.ಮೀ. ಹರಿತಾ ಉಂಟು ಅಂತ ಲೆಕ್ಕ ಹಾಕಿದ. ಮೂರು ವರ್ಷ ಕಳೆದು 1944ರಲ್ಲಿ ಬ್ರೆಜಿಲ್‌ನ ಲಿಯಾವೊ ಅನ್ನುವ ವಿಜ್ಞಾನಿ, ಹಾರ್ವರ್ಡ್‌ನಲ್ಲಿ ಫಿಟ್ಸ್ ಬಗ್ಗೆ ಅಂತ ಮೊಲದ ಮೆದುಳಿಗೆ ಕರೆಂಟ್ ಕೊಟ್ಟು ನೋಡ್ತಿದ್ದವ, ಅಲ್ಲಿ ಅಬ್ಬರ ಕಾಣುವ ಬದ್ಲು ಮೆದುಳೇ ಸುಮ್ಮನಾಗಿ ಆ ಮೌನ ನಿಧಾನಕ್ಕೆ ಹರಡ್ತಾ ಹೋದದ್ದನ್ನು ಕಂಡ, ವೇಗವೂ ಹೆಚ್ಚುಕಮ್ಮಿ ಅಷ್ಟೇ. ಹೀಗೆ ಹರಡುವ ಅಲೆಯಲ್ಲಿ ಮೊದಲು ಮೆದುಳಿನ ಜೀವಕೋಶಗಳೆಲ್ಲ ಒಟ್ಟಿಗೆ ಚಾರ್ಜ್ ಕಳ್ಕೊಳ್ತವೆ, ನಿಮಗೆ ಮಿಣುಕುವ ಗೆರೆ ಕಾಣುವುದು ಆ ಅಲೆಯ ಮುಂದಿನ ಅಂಚಿನಲ್ಲಿ. ಹಿಂದೆ ಸುಸ್ತಾಗಿ ಸುಮ್ಮನಾದ ಜಾಗವೇ ಅಕ್ಷರ ಕಾಣದ ಕುರುಡು ಕಲೆ. 2001ರಲ್ಲಿ ಮನುಷ್ಯರಿಗೆ ಔರಾ ಬಂದಾಗಲೇ ಎಫ್ಎಂಆರ್‌ಐ (ಮೆದುಳಿನ ಯಾವ ಭಾಗ ಕೆಲಸ ಮಾಡ್ತಾ ಉಂಟು ಅಂತ ತೋರಿಸುವ ಸ್ಕ್ಯಾನ್) ಮಾಡಿ ನೋಡಿದಾಗಲೂ ಇದೇ ತರಹದ ನಡಿಗೆ ಕಂಡಿತು. ನಿಮ್ಮ ಬಸ್ಸು ಕಾಪುವಿನಿಂದ ಉಡುಪಿ ಮುಟ್ಟುವಷ್ಟರಲ್ಲಿ, 20 ನಿಮಿಷ ಅಂತಿಟ್ಕೊಳ್ಳಿ, ಅಲೆ ಹೋದದ್ದು ಬರೀ 6 ಸೆಂಟಿಮೀಟರ್!

ಈ ನಿಧಾನವೇ ಮೆಷಿನ್‌ಗೆ ಕಷ್ಟ. ನಾನು ಹಲವು ವರ್ಷ ಇಇಜಿ ತೆಗೆದವ, ನಮ್ಮ ಊರಿನ ಏಪ್ರಿಲ್-ಮೇ ಸೆಕೆಯಲ್ಲಿ ಪೇಷಂಟ್ ತಲೆ ಬೆವರಿದ್ರೆ ಸಾಕು, ಗೆರೆಗಳೆಲ್ಲ ಕಡಲಿನ ಹಾಗೆ ನಿಧಾನಕ್ಕೆ ಏರಿಳೀಲಿಕ್ಕೆ ಶುರು, ಫ್ಯಾನ್ ಹಾಕಿ ಒರಸಿ ಮತ್ತೆ ಪೇಸ್ಟ್ ಹಚ್ಚಿ ಸಾಕಾಗ್ತದೆ. ಅಂಥದ್ದು ಓದುವವರಿಗೆ ಅಡ್ಡ ಬರ್ಬಾರ್ದು ಅಂತ ಒಂದೆರಡು ಸೆಕೆಂಡಿಗಿಂತ ನಿಧಾನದ ಏರಿಳಿತವನ್ನು ಮೆಷಿನ್ ಫಿಲ್ಟರ್ ಮಾಡಿ ಬಿಸಾಡ್ತದೆ. ಔರಾದ ಅಲೆಯ ಮುಖ್ಯ ಗುರುತು ನಿಮಿಷಗಟ್ಲೆ ಎಳೆಯುವ ಏರಿಳಿತ, ಬೆವರಿನ ಒಟ್ಟಿಗೆ ಅದೂ ಹೋಯ್ತು. ಅದರ ಮೇಲೆ ತಲೆಬುರುಡೆ ಅಡ್ಡ, ಮೆದುಳಿನ ಮಡಿಕೆಗಳಲ್ಲಿ ಎದುರುಬದುರು ಸಿಗ್ನಲ್ ಒಂದನ್ನೊಂದು ಅಳಿಸಿ ಹಾಕ್ತವೆ. ತಲೆಗೆ ಜೋರು ಪೆಟ್ಟಾಗಿ ಆಪರೇಷನ್ ಆದವರಲ್ಲಿ ಮೆದುಳಿನ ಮೇಲೇ ಎಲೆಕ್ಟ್ರೋಡ್ ಪಟ್ಟಿ ಇಟ್ಟಾಗ ಇಂಥ ಅಲೆ ಚೆನ್ನಾಗಿ ಸಿಗ್ತದೆ, ಆದ್ರೆ ತಲೆನೋವಿಗೆ ಅಂತ ಯಾರೂ ಬುರುಡೆ ತೆಗೆಯುವುದಿಲ್ಲವಲ್ಲ.

ಹಾಗಂತ ನಿಮ್ಮ ಇಇಜಿ ದಂಡ ಅಲ್ಲ, ಫಿಟ್ಸ್ ಸಂಶಯ ಇದ್ರೆ ಅದು ಬೇಕೇ. ಆದ್ರೆ ನಾರ್ಮಲ್ ಬಂತು ಅಂತ ಮೈಗ್ರೇನ್ ಇಲ್ಲ ಅನ್ಲಿಕ್ಕೆ ಆಗುದಿಲ್ಲ, ಅದನ್ನು ಹಿಡಿಯುವುದು ನೀವು ಹೇಳುವ ಕತೆಯಿಂದ. ಫಿಟ್ಸ್‌ದಾದ್ರೆ ಹೆಚ್ಚಾಗಿ ಬಣ್ಣದ ಉರುಟು ಚುಕ್ಕೆಗಳು, ಸೆಕೆಂಡುಗಳಲ್ಲೋ ಒಂದೆರಡು ನಿಮಿಷದಲ್ಲೋ ಮುಗೀತದೆ. ಔರಾ 5ರಿಂದ 60 ನಿಮಿಷ, ಮೆಲ್ಲ ಬೆಳೀತದೆ. ಒಂದು ವೇಳೆ ಒಮ್ಮೆಲೇ ಕೈ ಸೋತ್ರೆ, ಮಾತು ತೊದಲಿದ್ರೆ, ಗಂಟೆ ದಾಟಿದ್ರೂ ಹೋಗದಿದ್ರೆ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಡಾಕ್ಟ್ರಿಗೆ ಖಂಡಿತ ಹೇಳಿ, ಔರಾ ಇದ್ದವರಿಗೆ ಈಸ್ಟ್ರೋಜನ್ ಇರುವ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚು.

ಇನ್ನೊಮ್ಮೆ ಬಂದಾಗ ಬ್ಯಾಗಲ್ಲಿದ್ದ ನೋಟ್‌ಬುಕ್ ತೆಗೀರಿ, ಪುಟದ ನಡುವೆ ಒಂದು ಚುಕ್ಕೆ ಹಾಕಿ ಅದನ್ನೇ ನೋಡ್ತಾ ಗೆರೆ ಎಲ್ಲಿ ಉಂಟು ಅಂತ ಎರಡೆರಡು ನಿಮಿಷಕ್ಕೆ ಬಿಡಿಸಿ, ಪಕ್ಕದಲ್ಲಿ ಟೈಮ್ ಬರೀರಿ, ಮುಂದಿನ ಸಲ ಡಾಕ್ಟ್ರ ಹತ್ರ ಹೋಗುವಾಗ ಆ ಪುಟ ತಗೊಂಡು ಹೋಗಿ.