ವಿಕಿರಣ ಅಳೆಯುವ ಬ್ಯಾಡ್ಜ್‌ನಲ್ಲಿ 40 ಮಿಲಿಸೀವರ್ಟ್ ಬಂದಿದೆ, ಮುಂದೆ ಕ್ಯಾನ್ಸರ್ ಬರುತ್ತಾ?

ವೆಲ್ಡಿಂಗ್ ಪರೀಕ್ಷೆಯ ಇರಿಡಿಯಂ ಸೋರ್ಸ್ (ವಿಕಿರಣ ಸೂಸುವ ಪುಟ್ಟ ತುಂಡು) ಕ್ಯಾಮೆರಾ ಅನ್ನುವ ಅದರ ರಕ್ಷಾಪೆಟ್ಟಿಗೆಯೊಳಗೆ ಹೋಗಿದೆ ಅಂದುಕೊಂಡು ಪಕ್ಕದಲ್ಲೇ ನಿಂತಿದ್ದೆ ಎಂದು ಬರೆದಿದ್ದೀರಿ. ನನಗೂ ಹದಿನಾರು ವರ್ಷದ ಹಿಂದೆ ಹೀಗೇ ಆಗಿತ್ತು. ಸೋರ್ಸನ್ನು ಹಿಂದಕ್ಕೆಳೆಯುವ ಕೇಬಲ್ ಪೂರ್ತಿ ಸುತ್ತಿದ್ದೆ, ಸೋರ್ಸ್ ಮಾತ್ರ ಕ್ಯಾಮೆರಾದೊಳಗೆ ಬಂದಿರಲಿಲ್ಲ. ಸುತ್ತಲಿನ ವಿಕಿರಣ ತೋರಿಸುವ ಸರ್ವೆ ಮೀಟರ್ ಗಾಡಿಯಲ್ಲೇ ಬಿಟ್ಟಿದ್ದೆ. (ಬೈಯಬೇಡಿ, ಆಗಲೇ ಸಾಕಷ್ಟು ಬೈಸಿಕೊಂಡಿದ್ದೇನೆ.) ಬ್ಯಾಡ್ಜ್‌ನಲ್ಲಿ 55 ಬಂತು. ವರ್ಷಕ್ಕೆ 50 (ಭಾರತದಲ್ಲಿ 30) ದಾಟಬಾರದು, ಐದು ವರ್ಷದ ಸರಾಸರಿ 20 ಮೀರಬಾರದು ಅನ್ನುವುದು ಮಿತಿ.

ಆ ವಾರ ತಲೆನೋವು, ವಾಕರಿಕೆ ಎಲ್ಲ ಬಂದಿತ್ತು. ಅದು ವಿಕಿರಣದ್ದಲ್ಲ, ನಿದ್ದೆಗೆಟ್ಟ ಭಯದ್ದು. ವಿಕಿರಣದಿಂದ ವಾಂತಿ ಶುರುವಾಗುವುದು ಸುಮಾರು 1000 ಮಿಲಿಸೀವರ್ಟ್ ಹತ್ತಿರ. ಮುಚ್ಚಿದ ಸೋರ್ಸ್‌ನ ಗಾಮಾ ಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ. ಮಗುವನ್ನು ಎತ್ತಿಕೊಳ್ಳಲು ನಾನು ಎರಡು ದಿನ ಹೆದರಿದ್ದೆ, ಸುಮ್ನೆ.

ಕ್ಯಾನ್ಸರ್ ವಿಷಯ ಮುಚ್ಚಿಡಲ್ಲ, ಅಪಾಯ ಸ್ವಲ್ಪ ಏರುತ್ತದೆ. 100 ಜನಕ್ಕೆ ತಲಾ 100 ಮಿಲಿಸೀವರ್ಟ್ ಬಿದ್ದರೆ, ಜೀವಮಾನದಲ್ಲಿ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ ಬರಬಹುದು ಎಂಬುದು ಒಂದು ಅಂದಾಜು. ಅಮೆರಿಕದ ಆ ಲೆಕ್ಕದಲ್ಲಿ ಅದೇ ನೂರು ಜನರಲ್ಲಿ ಬೇರೆ ಕಾರಣಗಳಿಂದಲೇ ಸುಮಾರು 40 ಜನಕ್ಕೆ ಬರುತ್ತದೆ. ನಿಮ್ಮದು 40, ಅಂದರೆ ಇನ್ನೂ ಕಡಿಮೆ. ರಕ್ತದ ಕ್ಯಾನ್ಸರ್ ಆದರೆ ಎರಡು ವರ್ಷದ ನಂತರ ಯಾವಾಗ ಬೇಕಾದರೂ ಕಾಣಿಸಬಹುದು, ಉಳಿದವಕ್ಕೆ ಹತ್ತು ವರ್ಷ, ಅದಕ್ಕೂ ಜಾಸ್ತಿ ಬೇಕು. ಕಣ್ಣಿನ ಪೊರೆಯ ಚಿಂತೆ 500 ದಾಟಿದ ಮೇಲೆ. ಹುಟ್ಟುವ ಮಕ್ಕಳ ಬಗ್ಗೆ ಕೇಳಿದ್ದೀರಿ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ನಂತರ ಹುಟ್ಟಿದ ಮಕ್ಕಳಲ್ಲಿ ವಂಶವಾಹಿ ದೋಷ ಹೆಚ್ಚಾದದ್ದು ಕಂಡುಬಂದಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಕೈಗಳ ಬಗ್ಗೆ. ಬ್ಯಾಡ್ಜ್ ಎದೆಯ ಮೇಲಿರುತ್ತದೆ, ಬೆರಳುಗಳ ಲೆಕ್ಕ ಅದಕ್ಕೆ ಗೊತ್ತಾಗಲ್ಲ. ಸೋರ್ಸ್ ಇದ್ದ ಟ್ಯೂಬನ್ನು ಹಿಡಿದಿದ್ದರೆ ಬೆರಳಿಗೆ ನೂರಾರು ಪಟ್ಟು ಬಿದ್ದಿರಬಹುದು. ಸುಟ್ಟ ಗಾಯ ಅಂದೇ ಕಾಣಲ್ಲ, ಎರಡು ಮೂರು ವಾರ ಬಿಟ್ಟು ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ. ಹಾಗಾದರೆ ಚರ್ಮದ ವೈದ್ಯರಿಗೆ ಮೊದಲೇ ಸೋರ್ಸ್ ವಿಷಯ ಹೇಳಿ, ಇಲ್ಲದಿದ್ದರೆ ಅಲರ್ಜಿ ಅಂತ ಮುಲಾಮು ಕೊಟ್ಟು ಕಳಿಸುತ್ತಾರೆ.

ಡೋಸ್ ವರದಿಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆದುಕೊಳ್ಳಿ. ನಾನು ಕೇಳಿದಾಗ ತಿಂಗಳುಗಟ್ಟಲೆ ಸತಾಯಿಸಿದರು.

ಅಂದಹಾಗೆ, ಆವತ್ತು ಟ್ಯೂಬ್ ಮುಟ್ಟಿದ್ರಾ? ಎಷ್ಟು ದಿನವಾಯಿತು?