ಎಚ್ಚರವಾದ ಮೇಲೂ ಇಸಿಜಿ ಏಕೆ?

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುತ್ತದೆಂದು ವೈದ್ಯರು ರಾತ್ರಿಗೆ ಅಮಿಟ್ರಿಪ್ಟಿಲಿನ್ ಮಾತ್ರೆ ಬರೆದುಕೊಟ್ಟಿದ್ದರು. ಕಳೆದ ತಿಂಗಳು ಉರಿ ತಾಳಲಾರದೆ ಒಂದೇ ರಾತ್ರಿ ಹಲವು ಮಾತ್ರೆ ನುಂಗಿಬಿಟ್ಟರು. ಬೆಳಗಿನ ಜಾವ ಮಂಪರಿನಲ್ಲಿ ಏನೇನೋ ಗೊಣಗುತ್ತ, ಇಲ್ಲದ ದಾರವನ್ನು ಗಾಳಿಯಲ್ಲಿ ಎಳೆಯುತ್ತಿದ್ದರು. ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಮಧ್ಯಾಹ್ನ ಎಚ್ಚರವಾದರೂ ಮರುದಿನದವರೆಗೆ ಎದೆಯ ಮೇಲಿನ ಇಸಿಜಿ ತಂತಿ ತೆಗೆಯಲಿಲ್ಲ. ತಲೆಗೇರಿದ ಮಾತ್ರೆಗೆ ಹೃದಯವನ್ನು ಕಾಯುವುದೇಕೆ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ವೈದ್ಯರು ಮಾಡಿದ್ದು ಸರಿಯಾಗಿದೆ. ಈ ಔಷಧ ಮೆದುಳನ್ನೂ ಹೃದಯವನ್ನೂ ಬೇರೆ ಬೇರೆ ದಾರಿಯಲ್ಲಿ ಬಾಧಿಸುವುದರಿಂದ, ಎಚ್ಚರ ಮರಳಿದ ಮಾತ್ರಕ್ಕೆ ಹೃದಯ ಸುರಕ್ಷಿತವೆಂದು ಹೇಳಲಾಗದು.

ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್‌ ಎಂಬ ರಾಸಾಯನಿಕದ ಕೆಲಸಕ್ಕೆ ಅದು ತಡೆಯೊಡ್ಡಿದಾಗ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂತ್ರ ಕಟ್ಟುತ್ತದೆ, ನಾಡಿ ಓಡುತ್ತದೆ. ಮೆದುಳಿನಲ್ಲಿ ಇದೇ ತಡೆಯಿಂದ ಭ್ರಮೆ ಹುಟ್ಟುತ್ತದೆ; ಗಾಳಿಯಲ್ಲಿ ದಾರ ಎಳೆಯುವುದು ಅದರ ಲಕ್ಷಣ. ವಯಸ್ಸಾದವರಲ್ಲಿ ಇದನ್ನು ಅರಳು ಮರಳೆಂದು ಬಿಟ್ಟುಬಿಡುವ ಮನೆಗಳಿವೆ. ನೀವು ಬಿಡಲಿಲ್ಲವೆಂಬುದು ನನಗೆ ದೊಡ್ಡ ಸಮಾಧಾನ.

ಹೃದಯದ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಸ್ನಾಯುಕೋಶಗಳೊಳಗೆ ಸೋಡಿಯಂ ನುಗ್ಗಿದಾಗಲೇ ಬಡಿತದ ವಿದ್ಯುತ್ ಸಂಕೇತ ಹರಡುತ್ತದೆ. ಅಮಿಟ್ರಿಪ್ಟಿಲಿನ್ ಅತಿಯಾದರೆ ಆ ಸೋಡಿಯಂ ದ್ವಾರಗಳು ಮುಚ್ಚಿಕೊಂಡು, ಸಂಕೇತ ನಿಧಾನವಾಗಿ, ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಚೂಪಾಗಿ ಮೂಡಬೇಕಾದ ಕ್ಯೂಆರ್‌ಎಸ್ ಗೆರೆ ಅಗಲವಾಗುತ್ತದೆ. ಆ ಅಗಲ 100 ಮಿಲಿಸೆಕೆಂಡ್ ದಾಟಿದರೆ ಫಿಟ್ಸ್ ಬರುವ, 160 ದಾಟಿದರೆ ಹೃದಯದ ಲಯವೇ ತಪ್ಪುವ ಅಪಾಯ ಹೆಚ್ಚುತ್ತದೆ. ಅಂದರೆ ಆ ಗೆರೆ ಮೆದುಳಿನ ಅಪಾಯವನ್ನೂ ಮುಂಚಿತವಾಗಿ ತಿಳಿಸುತ್ತದೆ. ಗೆರೆ ಅಗಲವಾದರೆ ರಕ್ತನಾಳದ ಮೂಲಕ ಸೋಡಿಯಂ ಬೈಕಾರ್ಬೊನೇಟ್ ಕೊಡುತ್ತಾರೆ. ತೀವ್ರ ತೊಂದರೆಗಳು ಸಾಮಾನ್ಯವಾಗಿ ಮೊದಲ 6 ಗಂಟೆಗಳಲ್ಲಿ ಕಾಣಿಸಿಕೊಂಡರೂ, ಕರುಳಿನ ಚಲನೆಯೂ ಮಂದವಾಗಿರುವುದರಿಂದ ಹೊಟ್ಟೆಯಲ್ಲಿ ಉಳಿದ ಔಷಧ ತಡವಾಗಿ ರಕ್ತಕ್ಕೆ ಸೇರಬಹುದು. ಅದಕ್ಕಾಗಿಯೇ, ಲಕ್ಷಣ ಕಾಣಿಸಿಕೊಂಡವರನ್ನು ಹೆಚ್ಚು ಹೊತ್ತು ಕಾಯುತ್ತಾರೆ.

ಇಂತಹ ಹೊತ್ತಿನಲ್ಲಿ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ. ಮಂಪರಿನಲ್ಲಿರುವವರ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಲಕ್ಷಣ ಕಾಣುವವರೆಗೂ ಕಾಯದೆ 108ಕ್ಕೆ ಕರೆಮಾಡಿ, ಖಾಲಿ ಸ್ಟ್ರಿಪ್‌ಗಳನ್ನೂ ಬಿಪಿ, ಸಕ್ಕರೆಯ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.

ಇನ್ನು ಮುಂದೆ ಮಾತ್ರೆಯ ಡಬ್ಬಿ ನಿಮ್ಮ ಬಳಿಯೇ ಇರಲಿ. ಉರಿ ತಗ್ಗದಿದ್ದರೆ ಮಾತ್ರೆ ಹೆಚ್ಚಿಸುವುದು ದಾರಿಯಲ್ಲ. ಬೇರೆ ಔಷಧಗಳಿವೆ, ವೈದ್ಯರನ್ನು ಕೇಳಿ. ಒಂದು ಮಾತನ್ನು ಮಾವನವರ ಬಳಿ ಕುಳಿತು ಮೆಲ್ಲಗೆ ವಿಚಾರಿಸಿ: ಆ ರಾತ್ರಿ ನುಂಗಿದ್ದು ನೋವಿಗಾಗಿಯೋ, ಬದುಕೇ ಸಾಕೆನಿಸಿಯೋ? ಎರಡನೆಯದಾದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ, ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.