‘ಸ್ಟೇರಿಂಗ್ ಹಿಡಿಯೋ ದಿನ ಗುಳಿಗೆ ಮುಟ್ಟಲ್ಲ ಮೇಡಂ’

ಹೆಸರು, ಊರು ಬರೆಯುವುದಿಲ್ಲ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಒಂದೇ ಮಾತನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಲೇ ಇದ್ದೇನೆ. ಒಮ್ಮೆ ಟ್ಯಾಕ್ಸಿ ಓಡಿಸುವವರು, ಇನ್ನೊಮ್ಮೆ ಶಾಲಾ ವ್ಯಾನಿನವರು, ಕಳೆದ ವರ್ಷ ಈ ಲಾರಿ ಚಾಲಕರು. ಅದಕ್ಕೇ ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸಿನವರು. ದಾವಣಗೆರೆ ಕಡೆಯಿಂದ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್‌ಗೆ, ಕೋಳಿ ಆಹಾರ ತಯಾರಿಸುವಲ್ಲಿಗೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಕಣ್ಣೆದುರೇ ಒಂದು ಅಪಘಾತ ನಡೆದ ಮೇಲೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟುವುದು, ಉಸಿರು ಕಟ್ಟಿದಂತಾಗುವುದು ಶುರುವಾಗಿತ್ತು. ಹೃದಯದ ಪರೀಕ್ಷೆಗಳಲ್ಲಿ ತೊಂದರೆ ಕಾಣಲಿಲ್ಲ. ಮನೋವೈದ್ಯರು ದಿಗಿಲು ತಗ್ಗಿಸಲು ದಿನವೂ ತೆಗೆದುಕೊಳ್ಳುವ ಎಸ್ಸಿಟಾಲೋಪ್ರಾಮ್, ರಾತ್ರಿಗೆ ಮಂಪರು ತರಿಸುವ ಕ್ಲೋನಜೆಪಾಮ್ ಬರೆದು, ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದ್ದರು.

ಮೂರನೇ ಭೇಟಿಗೆ ಹೆಂಡತಿಯೂ ಬಂದಿದ್ದರು. ಮಾತಿನ ನಡುವೆ ಆಕೆ ಚೀಲದಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ‘ತಿಂಗಳಿಗೆ ಅಂತ ಕೊಟ್ಟಿದ್ದು ಎರಡು ತಿಂಗಳಾದ್ರೂ ಖಾಲಿ ಆಗಿಲ್ಲ ನೋಡ್ರಿ ಅಕ್ಕ.’

ಅವರು ತಲೆ ತಗ್ಗಿಸುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಎದೆ ಸೆಟೆಸಿ ಕೂತರು. ‘ಸ್ಟೇರಿಂಗ್ ಹಿಡಿಯೋ ದಿನ ನಾನು ಗುಳಿಗೆ ಮುಟ್ಟಲ್ಲ ಮೇಡಂ. ಟ್ರಿಪ್ ಮುಗಿಸಿ ಮನೆಗೆ ಬಂದ್ಮೇಲೆ ಎರಡು ನುಂಗಿ ಮಲಗಿಬಿಡ್ತೀನಿ. ನಿದ್ದೆಗಣ್ಣಲ್ಲಿ ಲಾರಿ ಓಡಿಸೋನಲ್ಲ ನಾನು.’

ಆ ಮಾತಿನಲ್ಲಿದ್ದ ಹೆಮ್ಮೆ ನನ್ನ ಬಾಯಿ ಕಟ್ಟಿತು. ಔಷಧಿಯನ್ನು ಅವರು ಅಸಡ್ಡೆಯಿಂದ ಬಿಟ್ಟಿರಲಿಲ್ಲ. ರಸ್ತೆಯಲ್ಲಿರುವವರ ಜೀವ ಕಾಯಬೇಕೆಂದೇ ತಮಗೆ ತಾವೇ ಒಂದು ನಿಯಮ ಮಾಡಿಕೊಂಡಿದ್ದರು. ಆದರೆ ಆ ನಿಯಮವೇ ಅಪಾಯಕಾರಿಯಾಗಿತ್ತು.

ಕ್ಲೋನಜೆಪಾಮ್ ಒಂದು ರಾತ್ರಿಯಲ್ಲಿ ಕರಗಿ ಹೋಗುವ ಔಷಧಿಯಲ್ಲ. ಅದರ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸಾಮಾನ್ಯವಾಗಿ 30ರಿಂದ 40 ಗಂಟೆ ಬೇಕು. ರಾತ್ರಿ ಎರಡು ನುಂಗಿ ಮರುದಿನ ಲೋಡ್ ಎತ್ತಿದರೆ ಲಾರಿಯಲ್ಲಿ ಅವರೊಂದಿಗೆ ಗುಳಿಗೆಯೂ ಕೂತಿರುತ್ತದೆ. ಮುಂದೆ ದಾರಿಯಲ್ಲಿ ಅದು ಇಳಿದುಹೋಗುವಾಗ ಕೈ ನಡುಕ, ನಿದ್ದೆ ಬಾರದಿರುವುದು, ದಿಗಿಲು. ದಿನವೂ ತೆಗೆದುಕೊಳ್ಳುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಎಸ್ಸಿಟಾಲೋಪ್ರಾಮ್ ಏಕಾಏಕಿ ಬಿಟ್ಟರೂ ತಲೆಸುತ್ತು ಬರುವುದುಂಟು. ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವಾಗ ತೊಪ್ಪೂರು ಘಾಟಿಯಲ್ಲಿ ಕೈ ನಡುಗಿತು ಎಂದು ಹಿಂದಿನ ಭೇಟಿಯಲ್ಲಿ ಹೇಳಿದ್ದರು. ಕಾಯಿಲೆ ಮರಳಿತೆಂದು ನಾನೂ ಬರೆದುಕೊಂಡಿದ್ದೆ. ಗುಳಿಗೆಯ ಲೆಕ್ಕವನ್ನು ಅಂದೇ ಕೇಳಬೇಕಿತ್ತು.

‘ಲಾರಿ ಓಡಿಸ್ತೀನಿ ಅಂತ ಡಾಕ್ಟರಿಗೆ ಹೇಳಿದ್ದೀರಾ?’

‘ಇಲ್ಲ. ಕೂಲಿ ಅಂತ ಬರೆಸಿದೀನಿ. ಡಿ.ಎಲ್. ಹೋದ್ರೆ ಮನೆ ಹೆಂಗೆ ನಡೀಬೇಕು?’

ಆ ರಾತ್ರಿಯೇ ಅವರಿಗೆ ಲೋಡ್ ಇತ್ತು. ಹೋಗಬೇಡಿ ಅಂದೆ. ‘ಹೋದ್ರೆ ಮಾಲೀಕರಿಗೆ ಫೋನ್ ಮಾಡ್ತೀರಾ?’ ಎಂದು ನೇರವಾಗಿ ಕೇಳಿದರು. ‘ನಿಮ್ಮ ಮಾತನ್ನು ಕಾಪಾಡೋದು ನನ್ನ ಕೆಲಸ. ಆದ್ರೆ ಇವತ್ತು ಲಾರಿ ಹತ್ತಿದ್ರೆ ಸುಮ್ಮನೆ ಕೂರೋಕೆ ನನ್ನಿಂದ ಆಗಲ್ಲ. ಯಾರಿಗೆ ಏನು ಹೇಳಿದ್ರೂ ನಿಮಗೆ ತಿಳಿಸಿಯೇ ಹೇಳ್ತೀನಿ’ ಅಂದೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ‘ಇವತ್ತು ಬ್ಯಾಡ ಬಿಡ್ರಿ’ ಎಂದರು ಹೆಂಡತಿ.

ಇದು ಬೆದರಿಕೆಯಾಯಿತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ಹಕ್ಕು ಎನ್ನುತ್ತದೆ. ಇತರರನ್ನು ಅಪಾಯದಿಂದ ಕಾಪಾಡಲು ಬೇಕಾದಷ್ಟು ಮಾಹಿತಿಯನ್ನು ಮಾತ್ರ ಅದರಿಂದ ಹೊರಗಿಡುತ್ತದೆ. ಬೆನ್ನ ಹಿಂದೆ ಫೋನ್ ಮಾಡಿದ್ದರೆ ಅವರು ಮತ್ತೆಂದೂ ಯಾವ ಸಲಹೆಗಾರರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಸುಮ್ಮನಿದ್ದು ಘಾಟಿಯಲ್ಲಿ ಏನಾದರೂ ಆಗಿದ್ದರೆ? ಮುಖ ನೋಡಿ ಹೇಳುವುದೊಂದೇ ಉಳಿದಿದ್ದ ದಾರಿ.

ಗುಳಿಗೆ ಬದಲಿಸಲು ನಾನು ವೈದ್ಯೆಯಲ್ಲ. ಅವರ ಒಪ್ಪಿಗೆ ಪಡೆದು, ಅವರೆದುರೇ ಮನೋವೈದ್ಯರಿಗೆ ಫೋನ್ ಹಚ್ಚಿದೆ. ‘ಲಾರಿ ಓಡಿಸ್ತಾರೆ’ ಅಂದೊಡನೆ ಚಿಕಿತ್ಸೆಯ ಲೆಕ್ಕವೇ ಬದಲಾಯಿತು. ಕ್ಲೋನಜೆಪಾಮನ್ನು ಹಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸುವುದು, ಎಸ್ಸಿಟಾಲೋಪ್ರಾಮ್ ತಪ್ಪದೆ ಮುಂದುವರಿಸುವುದು, ವೈದ್ಯರು ಹೇಳುವವರೆಗೆ ಸ್ಟೇರಿಂಗ್ ಮುಟ್ಟದಿರುವುದು. ಕೂಲಿ ಎಂದು ಬರೆಸಿದ ಒಂದು ಪದ ಎಷ್ಟು ದೂರ ಎಳೆದಿತ್ತು ನೋಡಿ.

ಡಿ.ಎಲ್. ಭಯದ ಬಗ್ಗೆ ಓದುಗರಿಗೆ ಬಿಡಿಸಿ ಹೇಳಬೇಕು. ವೈದ್ಯರು ಬರೆದ ಔಷಧಿ ತೆಗೆದುಕೊಂಡ ಮಾತ್ರಕ್ಕೆ ಪರವಾನಗಿ ರದ್ದಾಗುವುದಿಲ್ಲ (ಮೂರ್ಛೆರೋಗದ ಮಾತು ಬೇರೆ). ಮೋಟಾರು ವಾಹನ ಕಾಯ್ದೆ ನೋಡುವುದು ಓಡಿಸುವ ಹೊತ್ತಿನಲ್ಲಿ ಚಾಲಕ ಹೇಗಿದ್ದಾನೆ ಎಂಬುದನ್ನು. 185ನೇ ಸೆಕ್ಷನ್ ಮದ್ಯದ ಜೊತೆಗೆ, ಹತೋಟಿ ತಪ್ಪಿಸುವಷ್ಟು ಔಷಧಿಯ ಅಮಲನ್ನೂ ಹೇಳುತ್ತದೆ. ತನ್ನ ಕಾಯಿಲೆಯಿಂದ ಇತರರಿಗೆ ಅಪಾಯವೆಂದು ಗೊತ್ತಿದ್ದೂ ಓಡಿಸಿದರೆ 186ನೇ ಸೆಕ್ಷನ್; 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 1,000 ರೂಪಾಯಿವರೆಗೆ ದಂಡ. ಲಾರಿ ಪರವಾನಗಿಗೆ ವೈದ್ಯರ ಪ್ರಮಾಣಪತ್ರ, ನಮೂನೆ 1ಎ, ಬೇಕು ನಿಜ. ಆದರೆ ನವೀಕರಣ ಬರುವುದು ಐದು ವರ್ಷಕ್ಕೊಮ್ಮೆ. ನಡುವೆ ಯಾವ ಗುಳಿಗೆ ಶುರುವಾಯಿತೆಂದು ಯಾರೂ ಕೇಳುವುದಿಲ್ಲ, ಪೊಲೀಸರು ಊದಿಸುವ ಯಂತ್ರ ಹಿಡಿಯುವುದು ಮದ್ಯವನ್ನು ಮಾತ್ರ. ಹಾಗಾಗಿ ಚಾಲಕರು ಬಾಯಿಬಿಟ್ಟು ಹೇಳುವ ಮಾತೇ ಇಲ್ಲಿರುವ ಕಾವಲು. ಯಾವ ವೈದ್ಯರ ಮುಂದೆ ಕೂತರೂ ಕಾಯಿಲೆಗಿಂತ ಮೊದಲು ‘ನಾನು ಲಾರಿ ಓಡಿಸ್ತೀನಿ, ರಾತ್ರಿಯೂ ಓಡಿಸ್ತೀನಿ’ ಅನ್ನಿ. ಔಷಧಿ ಅಂಗಡಿಯಲ್ಲೂ ಅನ್ನಿ: ಕ್ಲೋರ್‌ಫೆನಿರಮೈನ್ ಇರುವ ಶೀತದ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಮಡಾಲ್, ಎಲ್ಲವೂ ಮಂಪರು ತರಿಸುವಂಥವು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಗುಳಿಗೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಕುಸಿದು ಸ್ಟೇರಿಂಗ್ ಮೇಲೆಯೇ ಕಣ್ಣು ಕತ್ತಲಿಡಬಹುದು. ಮನಸ್ಸಿನ ತೊಂದರೆಗೆ ದಾರಿಯಲ್ಲಿದ್ದೂ ಮಾತಾಡಬಹುದಾದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ, 14416.

ಆ ವಾರಗಳು ಅವರಿಗೆ ಕಷ್ಟದವೇ. ಟ್ರಿಪ್ಪಿಗೆ ಸಿಗುವ ಬಾಟಾ (ಭತ್ಯೆ) ನಿಂತಿತು, ಸಂಘದ ಕಂತಿಗೆ ಹೆಂಡತಿ ತವರಿನಿಂದ ಸಾಲ ತಂದರು. ನನ್ನ ಸಲಹೆಯ ಬೆಲೆಯನ್ನು ಕಟ್ಟಿದ್ದು ಆ ಮನೆ. ಅದು ಗೊತ್ತಿದ್ದೂ, ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಈಗ ವೈದ್ಯರು ಬರೆದುಕೊಟ್ಟ ಚೀಟಿಯೊಂದಿಗೆ ಹಗಲಿನ ಹತ್ತಿರದ ಬಾಡಿಗೆಗಳಿಗೆ ಹೋಗುತ್ತಿದ್ದಾರೆ. ಮಾಲೀಕರಿಗೆ ಮಾತ್ರ ಬೆನ್ನುನೋವಿನ ರಜೆ ಎಂದೇ ಗೊತ್ತು. ನಾಮಕ್ಕಲ್ ಲೋಡಿಗೆ ಮತ್ತೆ ಕರೆದರೆ ಏನೆಂದು ಹೇಳುವುದು? ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡಲಿದ್ದೇವೆ.